ದಾರಿ ತಪ್ಪಿದ ಪಾರಿವಾಳ ಯಾರದು?

ಹಿಂಗಾರಿ ಜೋಳವನ್ನು ಮಾಳಿಗೆಯ ಮೇಲೆ ಹರವಿ ಒಣಗಿಸುವ ದಿನಗಳಲ್ಲಿ ಪಾರಿವಾಳಗಳು ಬಂದಿಳಿಯುವುದು ಜಹೀರಾಬಾದಿನಲ್ಲಾಗಲಿ ನಾರಾಯಣಖೇಡದಲ್ಲಾಗಲಿ ಯಾರಿಗೂ ಸುದ್ದಿಯಲ್ಲ. ತಾಂಡೂರಿನ ಹಾಸುಗಲ್ಲಿನ ಮನೆಗಳ ಸಂದುಗೊಂದುಗಳಲ್ಲಿ ಅವು ತಲೆಮಾರುಗಳಿಂದ ಗೂಡು ಕಟ್ಟಿಕೊಂಡು ಬಂದಿವೆ. ಮಕ್ಕಳು ಒಮ್ಮೆ ಕೈ ತಟ್ಟಿದರೆ ಹಿಂಡೆಲ್ಲ ಎದ್ದುಹೋಗುತ್ತದೆ. ಆದರೆ ಎಂದಾದರೊಂದು ದಿನ ಹಿಂಡು ಎದ್ದುಹೋದ ಮೇಲೂ ಒಂದು ಹಕ್ಕಿ ಉಳಿದುಬಿಡುತ್ತದೆ. ಅಗಲವಾದ ಎದೆ, ಕೊಕ್ಕಿನ ಬುಡದಲ್ಲಿ ಬಿಳಿಯ ದಪ್ಪ ಗಂಟು, ನಯವಾದ ಮೈ. ಆದರೆ ರೆಕ್ಕೆಗಳು ಜೋತುಬಿದ್ದಿವೆ, ಕಣ್ಣು ಅರೆಮುಚ್ಚಿದೆ. ಹತ್ತಿರ ಹೋದರೂ ಹೆದರದೆ ನೀರಿನ ಬೋಗುಣಿಯ ಕಡೆಗೆ ಹೆಜ್ಜೆಯಿಡುತ್ತದೆ. ಬಗ್ಗಿ ನೋಡಿದರೆ ಕಾಲಿನಲ್ಲೊಂದು ಉಂಗುರ. ಉಂಗುರದ ಮೇಲೆ ಅಕ್ಷರಗಳು, ಅಂಕಿಗಳು.

ಆ ಕ್ಷಣದಿಂದ ಆ ಮನೆಯಲ್ಲಿ ಒಂದು ದಾವೆ ದಾಖಲಾದಂತೆಯೇ ಸರಿ. ತಾನಾಗಿ ಬಂದದ್ದು, ಆದ್ದರಿಂದ ನಮ್ಮದೇ ಎಂಬುದು ಮಕ್ಕಳ ವಾದ. ಯಾರದೋ ಮನೆಯ ಜೀವ, ನೀರು ಕೊಟ್ಟು ಬಿಟ್ಟುಬಿಡಿ ಎಂಬುದು ಅಜ್ಜಿಯ ವಾದ. ಹೈದರಾಬಾದಿಗೆ ಒಯ್ದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಪಕ್ಕದ ಮನೆಯ ಹುಡುಗ ಸಾಕ್ಷಿ ನುಡಿಯುತ್ತಾನೆ. ಇವೆಲ್ಲದರ ನಡುವೆ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ: ಬಿಟ್ಟರೆ ಇದು ನಿಜವಾಗಿ ತನ್ನ ಮನೆ ಸೇರುತ್ತದೆಯೇ, ಇಲ್ಲವೆ ಊರಾಚೆಯ ಗಿಡುಗನ ಪಾಲಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕದ ಹೊರತು ಮಿಕ್ಕ ವಾದಗಳಾವುವೂ ಇತ್ಯರ್ಥವಾಗುವುದಿಲ್ಲ.

ಮೊದಲು ಹಕ್ಕಿ ಎಲ್ಲಿಯದು ಎಂಬುದನ್ನು ನೋಡಬೇಕು. ಬೆಂಗಳೂರು ಮತ್ತು ಚೆನ್ನೈ ನಗರಗಳಲ್ಲಿ ಹೋಮರ್ ಪಾರಿವಾಳಗಳನ್ನು ಸಾಕಿ ಪಂದ್ಯ ನಡೆಸುವ ಸಂಘಗಳಿವೆ. ಹಕ್ಕಿಗಳನ್ನು ಪೆಟ್ಟಿಗೆಗಳಲ್ಲಿಟ್ಟು ವಾಹನದಲ್ಲಿ ನೂರಾರು ಕಿಲೋಮೀಟರ್ ಉತ್ತರಕ್ಕೆ ಒಯ್ದು, ಬೆಳಗಿನ ಹೊತ್ತು ಒಟ್ಟಿಗೆ ಬಿಡುತ್ತಾರೆ. ಪ್ರತಿಯೊಂದು ಹಕ್ಕಿಯೂ ತನ್ನ ತನ್ನ ಗೂಡಿಗೆ ಮರಳಬೇಕು. ಶಾಲೆಯ ಅಟ್ಲಾಸ್ ತೆರೆದು ನಾಗಪುರದಿಂದ ಬೆಂಗಳೂರಿಗೆ ಅಳತೆಪಟ್ಟಿಯಿಂದ ಒಂದು ನೇರ ಗೆರೆ ಎಳೆದರೆ ಅದು ಹೈದರಾಬಾದಿನ ಮೇಲೆಯೇ ಹಾಯುತ್ತದೆ. ಆ ಗೆರೆಯ ಉದ್ದ ಸುಮಾರು 900 ಕಿಲೋಮೀಟರ್. ಗಂಟೆಗೆ 60–70 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿ ಸೂರ್ಯೋದಯಕ್ಕೆ ನಾಗಪುರ ಬಿಟ್ಟರೆ ನಡುಹಗಲಿನ ಹೊತ್ತಿಗೆ ತೆಲಂಗಾಣದ ಬಿಸಿಲಿನಲ್ಲಿರುತ್ತದೆ. ಪಾರಿವಾಳ ರಾತ್ರಿ ಹಾರುವ ಹಕ್ಕಿಯಲ್ಲ. ನೀರಡಿಕೆಯಾದರೆ ಇಳಿಯಲೇಬೇಕು, ಕತ್ತಲಾದರೆ ಎಲ್ಲಾದರೂ ತಂಗಲೇಬೇಕು. ಪೂರ್ವದಿಂದ ಬೀಸುವ ಗಾಳಿ ಸ್ವಲ್ಪ ಜೋರಾಗಿದ್ದರೆ ಗೆರೆಯಿಂದ ಪಶ್ಚಿಮಕ್ಕೆ ಸರಿದು ತಾಂಡೂರಿನ ಮಾಳಿಗೆಯ ಮೇಲೆ ಬಂದು ಕೂರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ದೂರದಿಂದಲೇ ಬರಬೇಕೆಂದೂ ಇಲ್ಲ. ಬೀದರಿನಲ್ಲಿ ಸಾಕಿದ ಹಕ್ಕಿಯೂ ಆಗಿರಬಹುದು. ಜಹೀರಾಬಾದಿನಿಂದಾಗಲಿ ನಾರಾಯಣಖೇಡದಿಂದಾಗಲಿ ಬೀದರ್, ಹಕ್ಕಿಯ ದಾರಿಯಲ್ಲಿ, ಮೂವತ್ತು ಕಿಲೋಮೀಟರಿನ ಆಸುಪಾಸು; ಅರ್ಧ ಗಂಟೆಯ ಹಾರಾಟ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯಿಂದ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ, ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಅಂದು ಎಳೆದ ಗೆರೆಯನ್ನು ದಾಟಲು ಕನ್ನಡ ಶಾಲೆಯ ಪಠ್ಯಪುಸ್ತಕಗಳಿಗೆ ತಿಂಗಳುಗಳು ಬೇಕಾಗುವುದುಂಟು. ಪಾರಿವಾಳಕ್ಕೆ ಅಂಥ ತಾಪತ್ರಯವಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹೈದರಾಬಾದ್ ಸೀಮೆಯಲ್ಲಿ ಬಹುಕಾಲದಿಂದ ಬೇರೂರಿರುವುದು ಕಬೂತರ್‌ಬಾಜಿ; ಹಳೆಯ ಊರಿನ ಹುಸೇನಿ ಆಲಂನಲ್ಲಿ ಕಬೂತರ್ ಖಾನಾ ಎಂದೇ ಹೆಸರಾದ ಜಾಗವಿದೆ. ಈ ಆಟದ ಹಕ್ಕಿಗಳು ತಮ್ಮ ಮಾಳಿಗೆಯ ಮೇಲೆಯೇ ಸುತ್ತು ಹಾಕುತ್ತ ಗಂಟೆಗಟ್ಟಲೆ ಆಕಾಶದಲ್ಲಿ ನಿಲ್ಲುತ್ತವೆ, ಕೆಲವು ತಳಿಗಳು ಹಾರುವಾಗಲೇ ಪಲ್ಟಿ ಹೊಡೆಯುತ್ತವೆ. ಅವುಗಳ ಹಿರಿಮೆ ಎತ್ತರದಲ್ಲಿ, ಹೊತ್ತಿನಲ್ಲಿ, ದೂರದಲ್ಲಲ್ಲ. ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದೂ ಬಾದಶಹನು ಈ ಆಟವನ್ನು ‘ಇಶ್ಕ್‌ಬಾಜಿ’ ಎಂದು ಕರೆಯುತ್ತಿದ್ದನೆಂದೂ ಅಬುಲ್ ಫಜಲನ ‘ಐನ್-ಎ-ಅಕ್ಬರಿ’ ಹೇಳುತ್ತದೆ. ಅದಕ್ಕಿಂತ ನಾಲ್ಕು ಶತಮಾನಗಳಿಗೂ ಹಿಂದೆ, ಇಲ್ಲಿಂದ ಹೆಚ್ಚು ದೂರವಿಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಪಾರಾವತ ವಿನೋದವನ್ನೂ ಸೇರಿಸಿದ್ದಾನೆ. ಹೀಗಾಗಿ ಪಾರಿವಾಳ ಸಾಕುವುದು ಡೆಲ್ಲಿಯಿಂದ ಬಂದ ನವಾಬಿ ಶೋಕಿ ಮಾತ್ರವೆಂದು ತಿಳಿಯುವುದು ಸರಿಯಲ್ಲ.

ಮಾಳಿಗೆಯ ಮೇಲಿನ ಹಕ್ಕಿ ಆಟದ ತಳಿಯದಾದರೆ, ಮೂವತ್ತು ನಲವತ್ತು ಕಿಲೋಮೀಟರ್ ದೂರಕ್ಕೆ ಬಂದ ಮೇಲೆ ಅದು ಮರಳುವ ಭರವಸೆ ಕಡಿಮೆ. ಹೋಮರ್ ಆದರೆ ಮಾತೇ ಬೇರೆ. ಹೋಮರ್ ಎಂಬುದು ಬೇರೆ ಜಾತಿಯ ಹಕ್ಕಿಯಲ್ಲ. ಗುಡಿಗೋಪುರಗಳಲ್ಲಿ ಕಾಣುವ ಬೂದು ಪಾರಿವಾಳದ ಕುಲವೇ. ದೂರದಿಂದ ಮರಳಿದವುಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದರಿಂದ, ವಿಶೇಷವಾಗಿ ಬೆಲ್ಜಿಯಂ ದೇಶದಲ್ಲಿ, ಈ ತಳಿ ರೂಪುಗೊಂಡಿತು. ಮರಿ ಹುಟ್ಟಿದ ಒಂದು ವಾರದ ಹೊತ್ತಿಗೆ ಅದರ ಕಾಲಿಗೆ ಸಂದಿಲ್ಲದ ಉಂಗುರ ತೊಡಿಸುತ್ತಾರೆ. ಆಮೇಲೆ ಬೆರಳುಗಳು ದಪ್ಪವಾಗುವುದರಿಂದ ಅದನ್ನು ತೆಗೆಯಲೂ ಆಗದು, ಬೇರೊಂದನ್ನು ತೊಡಿಸಲೂ ಆಗದು. ಸಂಘದ ಅಕ್ಷರಗಳು, ಹುಟ್ಟಿದ ವರ್ಷ, ಕ್ರಮಸಂಖ್ಯೆ ಇಷ್ಟೂ ಅದರ ಮೇಲಿರುತ್ತವೆ. ತಹಶೀಲ್ ಕಚೇರಿಯ ಎಷ್ಟೋ ಪ್ರಮಾಣಪತ್ರಗಳಿಗಿಂತ ಇದು ನಂಬಿಕೆಗೆ ಅರ್ಹವಾದ ಜನ್ಮದಾಖಲೆ.

ಅದು ದಾರಿ ಕಂಡುಕೊಳ್ಳುವುದು ಹೇಗೆ? ಒಂದೇ ಉತ್ತರವಿಲ್ಲ, ಹಕ್ಕಿಯ ಬಳಿ ಒಂದಕ್ಕಿಂತ ಹೆಚ್ಚು ಉಪಾಯಗಳಿವೆ. ಸೂರ್ಯನನ್ನು ಅದು ದಿಕ್ಸೂಚಿಯಾಗಿ ಬಳಸುತ್ತದೆ, ಮತ್ತು ಹೊತ್ತು ಎಷ್ಟೆಂಬುದನ್ನು ಮೈಯೊಳಗಿನ ಗಡಿಯಾರದಿಂದ ತಿಳಿದು ಸೂರ್ಯನ ಸ್ಥಾನವನ್ನು ತಿದ್ದಿಕೊಳ್ಳುತ್ತದೆ. ಇದನ್ನು ಪರೀಕ್ಷಿಸಿದ ರೀತಿ ಸ್ವಾರಸ್ಯವಾಗಿದೆ. ಹಕ್ಕಿಯನ್ನು ಕೆಲವು ದಿನ ಕೋಣೆಯಲ್ಲಿಟ್ಟು ದೀಪ ಹೊತ್ತಿಸುವ ಆರಿಸುವ ವೇಳೆಯನ್ನು ಆರು ಗಂಟೆ ಸರಿಸಿದರೆ, ಬಿಸಿಲಿನಲ್ಲಿ ಬಿಟ್ಟಾಗ ಅದು ಮನೆಯ ದಿಕ್ಕಿನಿಂದ ಸುಮಾರು 90 ಡಿಗ್ರಿ ತಪ್ಪಿ ಹೊರಡುತ್ತದೆ. ಮೋಡ ಕವಿದ ದಿನ ಇದೇ ಹಕ್ಕಿ ತಪ್ಪುವುದಿಲ್ಲ, ಏಕೆಂದರೆ ಆಗ ಅದು ಭೂಮಿಯ ಕಾಂತಶಕ್ತಿಯನ್ನು ಆಶ್ರಯಿಸುತ್ತದೆ. ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾರಿವಾಳಗಳ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿದಾಗ, ಮೋಡದ ದಿನಗಳಲ್ಲಿ ಅವು ದಿಕ್ಕುಗೆಟ್ಟವು. ಇಟಲಿಯ ಫ್ಲೋರಿಯಾನೊ ಪಾಪಿ ಮತ್ತು ಅವರ ಸಂಗಡಿಗರು 1972ರಿಂದಾಚೆಗೆ ಗಾಳಿ ಹೊತ್ತು ತರುವ ವಾಸನೆಗಳಿಂದಲೂ ಹಕ್ಕಿ ತನ್ನ ನೆಲೆಯನ್ನು ಗುರುತಿಸುತ್ತದೆಂದು ತೋರಿಸಿದರು. ಮನೆ ಹತ್ತಿರವಾದಂತೆ ಕಣ್ಣಿನ ಗುರುತುಗಳೇ ಸಾಕು. ಪರಿಚಿತ ಪ್ರದೇಶದಲ್ಲಿ ಹಕ್ಕಿಗಳು ಹೆದ್ದಾರಿಗಳನ್ನೇ ಹಿಡಿದು ಹಾರಿ, ತಿರುವು ಬಂದಲ್ಲಿ ತಾವೂ ತಿರುಗುವುದನ್ನು ಆಕ್ಸ್‌ಫರ್ಡಿನ ಸಂಶೋಧಕರು ಕಂಡಿದ್ದಾರೆ. ಜಹೀರಾಬಾದಿನ ಮೂಲಕ ಹಾಯುವ 65ನೆಯ ರಾಷ್ಟ್ರೀಯ ಹೆದ್ದಾರಿಗೂ ಮೇಲಿನಿಂದ ಇಂಥ ಪ್ರಯಾಣಿಕರಿರಬಹುದು.

ಇಷ್ಟೆಲ್ಲ ಇದ್ದರೂ ಹಕ್ಕಿಗಳು ಕಳೆದುಹೋಗುತ್ತವೆ. ಸಾಕುವವರು ಇದನ್ನು ಮುಚ್ಚಿಡುವುದಿಲ್ಲ. 1870–71ರ ಚಳಿಗಾಲದಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ ನಗರವನ್ನು ಮುತ್ತಿದಾಗ, ನಗರದ ಪಾರಿವಾಳಗಳನ್ನು ಬಲೂನುಗಳಲ್ಲಿ ಹೊರಕ್ಕೆ ಸಾಗಿಸಿ, ಸೂಕ್ಷ್ಮ ಛಾಯಾಚಿತ್ರವಾಗಿ ಕುಗ್ಗಿಸಿದ ಪತ್ರಗಳನ್ನು ಅವುಗಳ ಬಾಲದ ಗರಿಗೆ ಕಟ್ಟಿ ಬಿಡುತ್ತಿದ್ದರು. ಹಾಗೆ ಬಿಟ್ಟದ್ದು ಮುನ್ನೂರರಷ್ಟು ಹಕ್ಕಿಗಳನ್ನು. ನಗರಕ್ಕೆ ಮರಳಿದವು ಅರುವತ್ತರ ಆಸುಪಾಸು. ಐದರಲ್ಲಿ ಒಂದು. ಮಂಜು, ಚಳಿ, ಗಿಡುಗ, ಗುಂಡು ಎಲ್ಲವೂ ಇದ್ದವು. ಯುದ್ಧವಿಲ್ಲದ ದಿನಗಳಲ್ಲಿಯೂ ಅನಾಹುತಗಳಾಗಿವೆ. 1997ರ ಜೂನ್ 29ರಂದು ಬ್ರಿಟನ್ನಿನ ಪಾರಿವಾಳ ಪಂದ್ಯ ಸಂಘದ ಶತಮಾನೋತ್ಸವಕ್ಕೆಂದು ಫ್ರಾನ್ಸಿನ ನಾಂತ್ ನಗರದಲ್ಲಿ ಸುಮಾರು 60,000 ಹಕ್ಕಿಗಳನ್ನು ಬಿಟ್ಟರು. ಬಹುಪಾಲು ಮನೆ ಸೇರಲೇ ಇಲ್ಲ. ಅಂದು ಅದೇ ಹೊತ್ತಿಗೆ ಇಂಗ್ಲಿಷ್ ಕಾಲುವೆಯ ಮೇಲೆ ಹಾದುಹೋದ ಕಾಂಕಾರ್ಡ್ ವಿಮಾನದ ಶಬ್ದತರಂಗವು ಹಕ್ಕಿಗಳನ್ನು ದಿಕ್ಕುಗೆಡಿಸಿರಬೇಕೆಂದು ಅಮೆರಿಕದ ಭೂವಿಜ್ಞಾನಿ ಜಾನ್ ಹ್ಯಾಗ್‌ಸ್ಟ್ರಮ್ ವಾದಿಸಿದರು. ಮನುಷ್ಯರ ಕಿವಿಗೆ ಕೇಳದಷ್ಟು ತಗ್ಗಿನ ಧ್ವನಿಯಿಂದ ಪಾರಿವಾಳ ಊರಿನ ಗುರುತು ಹಿಡಿಯುತ್ತದೆಂಬುದು ಅವರ ಊಹೆ. ಎಲ್ಲ ವಿಜ್ಞಾನಿಗಳೂ ಅದನ್ನು ಒಪ್ಪಿಲ್ಲ.

ನಮ್ಮ ಕಡೆ ಅಷ್ಟು ದೊಡ್ಡ ಕಾರಣಗಳು ಬೇಕಾಗಿಲ್ಲ. ವಿದ್ಯುತ್ ತಂತಿ, ಮೊಬೈಲ್ ಗೋಪುರದ ಬಿಗಿತಂತಿ, ಬೇಸಗೆಯ ನೀರಡಿಕೆ, ಡೇಗೆಯ ಎರಗುವಿಕೆ ಸಾಲದೆಂಬಂತೆ ಸಂಕ್ರಾಂತಿಯ ಗಾಳಿಪಟದ ಮಾಂಜಾ ಇದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಹಬ್ಬ ಕಳೆದ ಮೇಲೆ ಮರದ ಕೊಂಬೆಗಳಲ್ಲಿ ತೂಗಾಡುವುದು ಹೆಚ್ಚಾಗಿ ಅದೇ. ಮಾಳಿಗೆಗೆ ಬಂದ ಹಕ್ಕಿಯ ರೆಕ್ಕೆಯ ಬುಡವನ್ನು ಮೊದಲು ಪರೀಕ್ಷಿಸಬೇಕಾದದ್ದು ಈ ಕಾರಣಕ್ಕೆ.

ಹಾಗಾದರೆ ಯಾವ ಹಕ್ಕಿ ಮರಳುತ್ತದೆ? ಅನುಭವಸ್ಥರ ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ, ಆದರೆ ಅದರ ತಿರುಳು ಹಕ್ಕಿಯ ಎಳವೆಯಲ್ಲಿದೆ. ಮೊಟ್ಟೆಯಿಂದ ಹೊರಬಂದು ತಿಂಗಳೊಪ್ಪತ್ತಿಗೆ ಗೂಡಿನಿಂದ ಇಳಿಯುವ ಮರಿಯನ್ನು ಕೆಲವು ದಿನ ಬಲೆಯ ಪಂಜರದಲ್ಲಿ ಕೂರಿಸಿ ಸುತ್ತಲಿನ ಆಕಾಶವನ್ನು ತೋರಿಸುತ್ತಾರೆ. ಅದು ಯಾವ ಮಾಳಿಗೆಯಿಂದ ಮೊದಲ ಸಲ ಸುತ್ತು ಹಾಕಿ ಇಳಿಯುತ್ತದೋ ಅದೇ ಅದರ ಮನೆ. ಆಮೇಲೆ ಐದು, ಹತ್ತು, ಇಪ್ಪತ್ತು, ನಲವತ್ತು ಕಿಲೋಮೀಟರ್ ಎಂದು ದೂರವನ್ನು ಹಂತಹಂತವಾಗಿ ಬೆಳೆಸುತ್ತಾರೆ. ಹಾರುವುದಕ್ಕೆ ಮುಂಚೆ ಮರಿಯನ್ನು ಬೇರೆ ಮನೆಗೆ ಕೊಟ್ಟರೆ ಆ ಮನೆಯೇ ಅದರದಾಗುತ್ತದೆ, ಯಾವ ತಕರಾರೂ ಇಲ್ಲ. ಒಮ್ಮೆ ಹಾರಿದ ಮೇಲೆ ಕೊಂಡುತಂದ ಹಕ್ಕಿಯ ಕಥೆ ಬೇರೆ. ಅಂಥ ಹಕ್ಕಿಯನ್ನು ಸಾಕುವವರು ಮರಿ ಮಾಡಿಸಲಿಕ್ಕೆಂದು ಅದರ ಜೀವಮಾನವಿಡೀ ಒಳಗೇ ಇಡುತ್ತಾರೆ. ವರ್ಷಗಳ ಮೇಲೆ ಬಾಗಿಲು ತೆರೆದರೂ ಅದು ಹಳೆಯ ಮನೆಗೇ ಹೊರಟೀತೆಂಬ ಭಯ ಅವರಿಗೆ ಎಂದಿಗೂ ತಪ್ಪಿದ್ದಲ್ಲ. ಆದ್ದರಿಂದ ‘ನಾಲ್ಕು ದಿನ ಕಾಳು ಹಾಕಿದರೆ ನಮ್ಮದಾಗುತ್ತದೆ’ ಎಂಬ ಮಕ್ಕಳ ಲೆಕ್ಕ, ಪೂರ್ತಿ ಬೆಳೆದ ಹೋಮರಿನ ವಿಷಯದಲ್ಲಿ, ತಪ್ಪು ಲೆಕ್ಕ. ಅದು ತಿಂದು, ಕುಡಿದು, ಬಲ ಬಂದ ದಿನ ಎದ್ದು ಎರಡು ಸುತ್ತು ಹಾಕಿ ಹೊರಟುಹೋಗುತ್ತದೆ.

ಉಳಿಸಿಕೊಳ್ಳಲೆಂದು ರೆಕ್ಕೆಯ ಗರಿ ಕತ್ತರಿಸುವವರೂ ಇದ್ದಾರೆ. ಕಿತ್ತ ಗರಿ ಒಂದೂವರೆ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಕತ್ತರಿಸಿದ ಗರಿ ಹಾಗಲ್ಲ. ಅದರ ಬುಡ ತಾನಾಗಿ ಉದುರುವ ವಾರ್ಷಿಕ ಗರಿಯುದುರುವ ಕಾಲದವರೆಗೆ ಹಕ್ಕಿ ಕಾಯಬೇಕು. ಅಷ್ಟು ಕಾಲ ಅದು ಬೆಕ್ಕಿಗೂ ನಾಯಿಗೂ ಸುಲಭದ ತುತ್ತು. ಇದಕ್ಕಿಂತ ಮೊದಲ ದಿನವೇ ಓಡಿಸಿಬಿಡುವುದು ಮೇಲು.

ಮರಳುವ ಹಂಬಲವನ್ನು ಹೆಚ್ಚಿಸುವ ಇನ್ನೊಂದು ಸಂಗತಿಯುಂಟು. ಪಾರಿವಾಳ ಜೋಡಿ ಬಿಡದ ಹಕ್ಕಿ. ಹೆಣ್ಣು ಎರಡು ಮೊಟ್ಟೆ ಇಟ್ಟರೆ ಗಂಡು ಹೆಣ್ಣು ಸರದಿಯ ಮೇಲೆ ಹದಿನೇಳು ಹದಿನೆಂಟು ದಿನ ಕಾವು ಕೊಡುತ್ತವೆ. ಮರಿಗಳಿಗೆ ಇಬ್ಬರ ಗಂಟಲಚೀಲದಲ್ಲಿಯೂ ಹಾಲಿನಂಥ ದ್ರವ ಊರುತ್ತದೆ. ಗೂಡಿನಲ್ಲಿ ಮೊಟ್ಟೆಯನ್ನೋ ಮರಿಯನ್ನೋ ಬಿಟ್ಟು ಬಂದ ಹಕ್ಕಿ ಇನ್ನಷ್ಟು ವೇಗವಾಗಿ ಮನೆಗೆ ಹಾರುತ್ತದೆಂದು ಪಂದ್ಯದವರು ಬಲ್ಲರು, ಅದನ್ನು ಬಳಸಿಕೊಳ್ಳುತ್ತಾರೆ ಕೂಡ. ಮಾಳಿಗೆಯ ಮೇಲೆ ತೂಕಡಿಸುತ್ತಿರುವ ಅತಿಥಿಯ ಹಿಂದೆ ಎಲ್ಲೋ ಒಂದು ಗೂಡಿನಲ್ಲಿ ಸರದಿ ಮುಗಿಯದೆ ಕುಳಿತ ಇನ್ನೊಂದು ಹಕ್ಕಿ ಇರುವ ಸಂಭವ ಕಡಿಮೆಯೇನಲ್ಲ.

ಮನೆ ಒಂದೇ ಆಗಿರಬೇಕೆ ಎಂಬ ಪ್ರಶ್ನೆಗೆ ಒಡಿಶಾದ ಪೊಲೀಸರು ವಿಚಿತ್ರವಾದ ಉತ್ತರ ಕೊಟ್ಟಿದ್ದರು. 1946ರಲ್ಲಿ ಸೈನ್ಯದಿಂದ ಪಡೆದ 200 ಪಾರಿವಾಳಗಳೊಂದಿಗೆ ಅಲ್ಲಿ ಸಂದೇಶಸೇವೆ ಆರಂಭವಾಯಿತು. ತಂತಿ, ದೂರವಾಣಿ ಇಲ್ಲದ ಗುಡ್ಡಗಾಡಿನ ಠಾಣೆಗಳಿಗೆ ಇವೇ ಟಪಾಲು. 1948ರ ಏಪ್ರಿಲ್‌ನಲ್ಲಿ ಪ್ರಧಾನಿ ನೆಹರೂ ಸಂಬಲಪುರದಿಂದ ಕಟಕಕ್ಕೆ ಪಾರಿವಾಳದ ಮೂಲಕ ಸೂಚನೆ ಕಳುಹಿಸಿದ್ದು ಆ ರಾಜ್ಯದಲ್ಲಿ ಈಗಲೂ ನೆನಪಿನಲ್ಲಿದೆ. 1982ರ ಪ್ರವಾಹದಲ್ಲಿಯೂ 1999ರ ಭೀಕರ ಚಂಡಮಾರುತದಲ್ಲಿಯೂ ಸಂಪರ್ಕ ಕಡಿದಾಗ ಅವು ಕೆಲಸ ಮಾಡಿದವು. ಸೇವೆ ಮೂರು ಬಗೆಯದಾಗಿತ್ತು. ಒಂದು, ಸ್ಥಿರವಾದ ಗೂಡಿಗೆ ಮರಳುವುದು. ಎರಡು, ಚಲಿಸುವ ಗೂಡನ್ನು ಹುಡುಕಿಕೊಂಡು ಬರುವುದು. ಮೂರನೆಯದು ಬೂಮರಾಂಗ್ ಎಂದು ಹೆಸರಾದದ್ದು, ಸಂದೇಶ ಒಯ್ದು ಉತ್ತರದೊಂದಿಗೆ ಹಿಂದಿರುಗುವುದು. ಇಂಥ ಇಬ್ಬಗೆಯ ಹಾರಾಟಕ್ಕೆ ಹಕ್ಕಿಯನ್ನು ಒಗ್ಗಿಸುವ ವಿಧಾನ ಬಹಳ ಸರಳ: ಒಂದು ಕಡೆ ಗೂಡು, ಇನ್ನೊಂದು ಕಡೆ ಕಾಳು. ಹಗಲಿಗೆ ಸಂಗಾರೆಡ್ಡಿಯ ಕಾರ್ಖಾನೆ, ರಾತ್ರಿಗೆ ನಾರಾಯಣಖೇಡದ ಮನೆ ಎಂದು ಬಸ್ಸಿನಲ್ಲಿ ಓಡಾಡುವ ತಂದೆಯರಿಗೆ ಈ ವಿಧಾನವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಶಿಕ್ಷಕರಿಗೆ ಇಲ್ಲಿ ಒಂದು ಸೂಚನೆ. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಧನಗೋಪಾಲ ಮುಖರ್ಜಿಯವರು ಚಿತ್ರಗ್ರೀವನೆಂಬ ಪಾರಿವಾಳದ ಕಥೆಯನ್ನು ‘ಗೇ ನೆಕ್’ ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ಹಿಮಾಲಯದಲ್ಲಿ ಪಳಗಿದ ಹಕ್ಕಿ ಮೊದಲ ಮಹಾಯುದ್ಧದ ರಣಭೂಮಿಗೆ ಹೋಗಿ ಬರುವ ಕಥೆಯದು. ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕ 1928ರಲ್ಲಿ ಅದಕ್ಕೆ ದೊರೆಯಿತು. ಕಳೆದುಹೋದ ಹಕ್ಕಿಗಾಗಿ ಹುಡುಗನೊಬ್ಬ ಕಾಯುವುದು ಹೇಗಿರುತ್ತದೆಂಬುದು ಅದನ್ನು ಓದಿದರೆ ತಿಳಿಯುತ್ತದೆ.

ಇನ್ನು ಕಾನೂನಿನ ಮಾತು. ಹಾರುವ ಹಕ್ಕಿಗೆ ಒಡೆಯನುಂಟೇ ಎಂಬ ಪ್ರಶ್ನೆ ಹೊಸದಲ್ಲ. ರೋಮನ್ ನ್ಯಾಯಶಾಸ್ತ್ರಜ್ಞ ಗಾಯಸ್ ಎರಡನೆಯ ಶತಮಾನದಲ್ಲಿ, ಆಮೇಲೆ 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಗ್ರಂಥ, ಇದಕ್ಕೆ ಒಂದು ಒರೆಗಲ್ಲನ್ನು ಕೊಟ್ಟಿವೆ. ಕಾಡುಪ್ರಾಣಿ ಹಿಡಿದವನದು, ತಪ್ಪಿಸಿಕೊಂಡರೆ ಯಾರದೂ ಅಲ್ಲ. ಆದರೆ ಪಾರಿವಾಳ, ಜೇನು ಮುಂತಾದವು ಹೋಗಿ ಬರುವ ರೂಢಿಯವು. ಅವುಗಳಿಗೆ ಮರಳುವ ಮನಸ್ಸು ಇರುವವರೆಗೆ ಅವು ಒಡೆಯನವೇ. ಮರಳುವ ರೂಢಿಯನ್ನು ಬಿಟ್ಟ ದಿನ ಹಿಡಿದವನ ಪಾಲು. ಒಡೆತನವನ್ನು ಒಡೆಯನ ಮನಸ್ಸಿನಿಂದಲ್ಲ, ಹಕ್ಕಿಯ ಮನಸ್ಸಿನಿಂದ ಅಳೆಯುವ ಇಂಥ ನಿಯಮ ಕಾನೂನಿನಲ್ಲಿ ಅಪರೂಪ. ಹದಿನಾಲ್ಕು ಶತಮಾನಗಳ ನಂತರ ಇದೇ ಪ್ರಶ್ನೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂದಿತು. ಪಂದ್ಯದ ಪಾರಿವಾಳಗಳು ಬಟಾಣಿ ಹೊಲಕ್ಕೆ ಇಳಿದಾಗ ರೈತ ಗುಂಡು ಹಾರಿಸಿದ್ದ. 1948ರ ಹ್ಯಾಂಪ್ಸ್ ವಿರುದ್ಧ ಡಾರ್ಬಿ ಪ್ರಕರಣವದು. ಹಾರಾಡುತ್ತಿರುವಾಗಲೂ ಹಕ್ಕಿಗಳು ಸಾಕಿದವನ ಸ್ವತ್ತೇ, ಗುಂಡು ಹಾರಿಸದೆ ಬೇರೆ ದಾರಿಯಿರಲಿಲ್ಲವೆಂದು ರೈತ ರುಜುವಾತು ಮಾಡಲಿಲ್ಲವಾದ್ದರಿಂದ ನಷ್ಟಕ್ಕೆ ಅವನೇ ಹೊಣೆ ಎಂದು ತೀರ್ಪಾಯಿತು. ತಾಂಡೂರಿನ ತೊಗರಿ ಹೊಲದವರು ಇದನ್ನು ನೆನಪಿಡಬೇಕು. ಇನ್ನೊಬ್ಬರ ಸಾಕುಪ್ರಾಣಿಯನ್ನು ಕೆಡುಕಿನ ಉದ್ದೇಶದಿಂದ ಕೊಲ್ಲುವುದು, ಅಂಗಹೀನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಅಪರಾಧ.

ಸಿಕ್ಕಿದ ವಸ್ತುವಿನ ಬಗ್ಗೆ ನಮ್ಮ ಕಾನೂನು ಸ್ಪಷ್ಟವಾಗಿಯೇ ಇದೆ. ಹಿಂದಿನ ಭಾರತೀಯ ದಂಡ ಸಂಹಿತೆಯ 403ನೆಯ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 314ನೆಯ ಕಲಮು, ಎರಡೂ ಒಂದೇ ಮಾತನ್ನು ಹೇಳುತ್ತವೆ. ಹೆದ್ದಾರಿಯಲ್ಲಿ ಬಿದ್ದ ರೂಪಾಯಿಯನ್ನು, ಅದು ಯಾರದೆಂದು ತಿಳಿಯದೆ, ಎತ್ತಿಕೊಂಡವನು ಅಪರಾಧಿಯಲ್ಲ. ಒಡೆಯನಿಗಾಗಿ ಕಾಪಾಡಲೆಂದು ಎತ್ತಿಕೊಂಡವನೂ ಅಪರಾಧಿಯಲ್ಲ. ಒಡೆಯನು ಯಾರೆಂದು ಗೊತ್ತಿದ್ದು, ಅಥವಾ ಕಂಡುಹಿಡಿಯುವ ದಾರಿ ಕೈಯಲ್ಲೇ ಇದ್ದು, ಅಥವಾ ಹುಡುಕಲು ತಕ್ಕಷ್ಟು ಪ್ರಯತ್ನವನ್ನೂ ಕಾಲಾವಕಾಶವನ್ನೂ ಕೊಡದೆ ತನ್ನದಾಗಿಸಿಕೊಂಡವನು ಅಪರಾಧಿ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಬೀದಿಯ ಬೂದು ಪಾರಿವಾಳ ರಸ್ತೆಯ ರೂಪಾಯಿಯಂತೆ. ಉಂಗುರದ ಪಾರಿವಾಳ ಹಾಗಲ್ಲ; ಕಂಡುಹಿಡಿಯುವ ದಾರಿ ಅದರ ಕಾಲಿನಲ್ಲೇ ಇದೆ. ‘ತಾನಾಗಿ ಬಂದದ್ದು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪಾರಿವಾಳದಂಥ ಅಲ್ಪ ಸಂಗತಿಗೆ ಯಾರು ಠಾಣೆಗೆ ಹೋಗುತ್ತಾರೆ ಎನ್ನುವವರು, ನ್ಯೂ ಕಿಮ್ ಎಂಬ ಬೆಲ್ಜಿಯಂ ಹಕ್ಕಿಯೊಂದು 2020ರ ನವೆಂಬರಿನಲ್ಲಿ 16 ಲಕ್ಷ ಯೂರೋಗೆ ಹರಾಜಾದದ್ದನ್ನು ಗಮನಿಸಬಹುದು. ಮಾಳಿಗೆಯ ಮೇಲಿನ ಹಕ್ಕಿಗೆ ಅಷ್ಟು ಬೆಲೆ ಬಾರದು, ಆದರೆ ಬೆಲೆಯೇ ಇಲ್ಲವೆಂದೂ ಅಲ್ಲ.

ಉಂಗುರವನ್ನು ಸರಿಯಾಗಿ ಓದದಿದ್ದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ನಿದರ್ಶನವಿದೆ. 2023ರ ಮೇ ತಿಂಗಳಲ್ಲಿ ಅಲ್ಲಿನ ಬಂದರಿನ ಬಳಿ ಸಿಕ್ಕ ಪಾರಿವಾಳವೊಂದರ ಎರಡೂ ಕಾಲುಗಳಲ್ಲಿ ಉಂಗುರಗಳಿದ್ದವು, ಚೀನೀ ಲಿಪಿಯಂತೆ ಕಾಣುವ ಬರಹವಿತ್ತು. ಬೇಹುಗಾರಿಕೆಯ ಶಂಕೆಯಿಂದ ಪೊಲೀಸರು ಅದನ್ನು ವಶಕ್ಕೆ ಪಡೆದು ಪರೇಲಿನ ಪ್ರಾಣಿಗಳ ಆಸ್ಪತ್ರೆಯಲ್ಲಿಟ್ಟರು. ಅದು ತೈವಾನಿನಲ್ಲಿ ಸಮುದ್ರದ ಮೇಲಿನ ಪಂದ್ಯದಿಂದ ತಪ್ಪಿಸಿಕೊಂಡ ಹಕ್ಕಿಯೆಂದು ಕೊನೆಗೆ ತಿಳಿಯಿತು. ಬಿಡುಗಡೆಯಾದದ್ದು 2024ರ ಜನವರಿ ಕೊನೆಗೆ, ಎಂಟು ತಿಂಗಳ ಮೇಲೆ. ಜಾಮೀನು ಕೇಳುವವರಿಲ್ಲದ ಕೈದಿಗಳ ಪಾಡು ಹಕ್ಕಿಗೂ ತಪ್ಪಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಹಕ್ಕಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲೋ ಬುಟ್ಟಿಯ ಕೆಳಗೋ ಬೆಕ್ಕಿಗೆ ಸಿಗದಂತೆ ನೆರಳಿನಲ್ಲಿಡಬೇಕು. ಪಾರಿವಾಳ ಇತರ ಹಕ್ಕಿಗಳಂತೆ ಗುಟುಕು ಎತ್ತಿ ಕುಡಿಯುವುದಿಲ್ಲ, ಕೊಕ್ಕನ್ನು ಮುಳುಗಿಸಿ ಹೀರುತ್ತದೆ. ಆದ್ದರಿಂದ ತಟ್ಟೆ ಸಾಲದು, ಎರಡು ಬೆರಳಾಳದ ಬಟ್ಟಲು ಬೇಕು. ಅನ್ನ, ಬ್ರೆಡ್ಡು ಬೇಡ. ಜೋಳ, ಸಜ್ಜೆ, ಇಡೀ ತೊಗರಿ, ಹೆಸರು ಸಾಕು. ಇವು ಈ ಮೂರೂ ತಾಲೂಕುಗಳ ಅಡುಗೆಮನೆಗಳಲ್ಲಿ ಇದ್ದೇ ಇರುತ್ತವೆ. ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆಯಬೇಕು. ಗಾಯವಿದ್ದರೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಗಾಯವಿಲ್ಲದಿದ್ದರೆ ಒಂದೆರಡು ದಿನದ ವಿಶ್ರಾಂತಿಯ ನಂತರ, ಮೋಡ ಮಳೆ ಇಲ್ಲದ ಬೆಳಿಗ್ಗೆ, ತಂತಿಗಳಿಲ್ಲದ ಬಯಲಿನಲ್ಲಿ ಬಿಡಬೇಕು. ಸಂಜೆ ಬಿಟ್ಟರೆ ಕತ್ತಲಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಸಲ ಹೋಗದೆ ಮತ್ತೆ ಬಂದು ಕೂತರೆ ಗಾಬರಿಯಾಗಬೇಕಿಲ್ಲ. ಬಲ ಸಾಲದೆಂದು ಅರ್ಥ, ಇನ್ನೊಂದು ದಿನ ಕಾಯಬಹುದು. ದೂರದ ಪಂದ್ಯದಲ್ಲಿ ಪಳಗಿದ ಹಕ್ಕಿ ಹೋಗುತ್ತದೆ. ಮೊದಲ ವರ್ಷದ ಎಳೆಯ ಹಕ್ಕಿಯ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾಗದು, ಕಳೆದುಹೋಗುವವರಲ್ಲಿ ಅವೇ ಹೆಚ್ಚು. ಹುಟ್ಟಿದ ವರ್ಷ ಉಂಗುರದ ಮೇಲಿರುವುದರಿಂದ ಈ ಅಂದಾಜನ್ನು ಮಕ್ಕಳೇ ಮಾಡಬಹುದು.

ಕಾಳಿನ ಖರ್ಚಿನ ಬಗ್ಗೆಯೂ ಕಾನೂನು ಮೌನವಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 71ನೆಯ ಕಲಮಿನಂತೆ, ಸಿಕ್ಕ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನ ಹೊಣೆ, ನಂಬಿ ಒಪ್ಪಿಸಿದ ವಸ್ತುವನ್ನು ಇಟ್ಟುಕೊಂಡವನ ಹೊಣೆಯಂತೆಯೇ. 168ನೆಯ ಕಲಮಿನ ಪ್ರಕಾರ ಅವನು ತಾನು ಪಟ್ಟ ಶ್ರಮ, ಮಾಡಿದ ವೆಚ್ಚಕ್ಕಾಗಿ ಒಡೆಯನ ಮೇಲೆ ದಾವೆ ಹೂಡುವಂತಿಲ್ಲ, ಆದರೆ ಅದು ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಒಡೆಯನು ಇಂತಿಷ್ಟು ಬಹುಮಾನವೆಂದು ಸಾರಿದ್ದರೆ ಅದಕ್ಕಾಗಿ ದಾವೆಯನ್ನೂ ಹೂಡಬಹುದು. ಒಡೆಯನು ಸಿಕ್ಕದೆ ಹೋದಾಗ, ಅಥವಾ ಸಿಕ್ಕೂ ಸಲ್ಲಬೇಕಾದುದನ್ನು ಕೊಡಲೊಪ್ಪದಾಗ, ವೆಚ್ಚವು ವಸ್ತುವಿನ ಬೆಲೆಯ ಮೂರರಲ್ಲಿ ಎರಡು ಪಾಲನ್ನು ಮುಟ್ಟಿದರೆ ಮಾರಲೂ ಬಹುದೆಂದು 169ನೆಯ ಕಲಮು ಹೇಳುತ್ತದೆ. ಪಾರಿವಾಳ ದಿನಕ್ಕೆ ತಿನ್ನುವುದು ಮೂವತ್ತು ನಲವತ್ತು ಗ್ರಾಂ ಕಾಳು. ಮೂರು ದಿನಕ್ಕೆ ಒಂದು ಹಿಡಿಗಿಂತ ತುಸು ಹೆಚ್ಚು ಜೋಳ. ಆ ಲೆಕ್ಕದಲ್ಲಿ ಮೂರನೇ ಎರಡು ಪಾಲು ತಲುಪುವ ಹೊತ್ತಿಗೆ ಹಕ್ಕಿಗೆ ಮುಪ್ಪು ಬಂದಿರುತ್ತದೆ. ಅದಕ್ಕಿಂತ ಉಂಗುರದ ಅಕ್ಷರ, ವರ್ಷ, ಅಂಕಿಗಳನ್ನು ಮಗುವಿನ ಕೈಯಿಂದಲೇ ಒಂದು ಹಾಳೆಯ ಮೇಲೆ ಬರೆಸಿ, ಹಕ್ಕಿ ಬಂದ ದಿನ, ಬಿಟ್ಟ ದಿನ, ಬಿಟ್ಟ ಹೊತ್ತು, ಅದು ಹೊರಟ ದಿಕ್ಕು ಇಷ್ಟನ್ನೂ ಸೇರಿಸಿ, ಉಂಗುರದ ಮೇಲಿನ ಫೋನ್ ಸಂಖ್ಯೆಗೋ ಸಂಘಕ್ಕೋ ತಿಳಿಸುವುದು ಉಪಯುಕ್ತ. ಕಾಯುತ್ತಿರುವವನು ಬೆಂಗಳೂರಿನಲ್ಲಿರಲಿ ಬೀದರಿನಲ್ಲಿರಲಿ, ಯಾವ ದಿನ ಆಕಾಶ ನೋಡಬೇಕೆಂಬುದು ಅವನಿಗೆ ಗೊತ್ತಾಗುತ್ತದೆ.